ಮುಯ್ಯಿ ಪುಸ್ತಕದಲ್ಲಿ ಬರೆಯದ ಹೆಸರುಗಳು

ನಮ್ಮ ಕಡೆಯ ಹಳ್ಳಿ ಮದುವೆಗಳನ್ನು ಕಂಡವರಿಗೆ ಈ ದೃಶ್ಯ ನೆನಪಿರಬಹುದು. ಧಾರೆ ಮುಗಿದು ಮುಯ್ಯಿ ಮಾಡುವ ಹೊತ್ತು. ಚಪ್ಪರದ ಮೂಲೆಯಲ್ಲಿ ಚಾಪೆ ಹಾಸಿಕೊಂಡು, ಅಕ್ಷರ ಬಲ್ಲ ನೆಂಟನೊಬ್ಬ ಉದ್ದನೆಯ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾನೆ. ಪಕ್ಕದಲ್ಲಿ ನಿಂತವನು ಕೂಗಿ ಹೇಳುತ್ತಾನೆ: ಇಂಥ ಊರಿನ ಇಂಥವರು, ಇಷ್ಟು ರೂಪಾಯಿ, ಒಂದು ರವಿಕೆ ಕಣ. ಕೂತವನು ಬರೆದುಕೊಳ್ಳುತ್ತಾನೆ. ಮುಂದೆ ಅವರ ಮನೆಯಲ್ಲಿ ಶುಭಕಾರ್ಯವಾದಾಗ ಈ ಪುಸ್ತಕ ತೆಗೆದು ನೋಡಿ, ಅದಕ್ಕೆ ಕಡಿಮೆಯಾಗದಂತೆ ಮುಯ್ಯಿ ತೀರಿಸಬೇಕು. ಮರೆತರೆ ಮಾತು ಬರುತ್ತದೆ.

ಆ ಪುಸ್ತಕದಲ್ಲಿ ಬರೆದದ್ದೆಲ್ಲ ನಿಜ. ಆದರೆ ಮೂರು ದಿನ ಒಲೆಯ ಮುಂದೆ ಹೊಗೆ ಕುಡಿದ ಸೋದರತ್ತೆಯ ಹೆಸರು ಅದರಲ್ಲಿಲ್ಲ. ಚಪ್ಪರಕ್ಕೆ ಗಳ ಹೊತ್ತು ತಂದವನ ಹೆಸರಿಲ್ಲ, ಬಾವಿಯಿಂದ ನೀರು ಸೇದಿ ಸೇದಿ ಅಂಗೈ ಕೆಂಪಾಗಿಸಿಕೊಂಡ ಹುಡುಗನ ಹೆಸರಿಲ್ಲ. ಅವರು ಕೊಟ್ಟದ್ದನ್ನು ಕೂಗಿ ಹೇಳುವ ಪದ್ಧತಿ ಇಲ್ಲ. ಹೀಗಾಗಿ ಆ ಪುಸ್ತಕವೊಂದನ್ನೇ ಓದಿದವನು ಮದುವೆ ಯಾರಿಂದ ನಡೆಯಿತೆಂಬುದನ್ನು ತಿಳಿಯಲಾರ.

ಈ ಹಳೆಯ ನೆನಪು ಮರುಕಳಿಸಲು ಕಾರಣವಾದದ್ದು ಕಳೆದ ತಿಂಗಳು ನಮ್ಮ ದಿಲ್ಲಿಯ ಸಂಘದ ಮಾಸಿಕ ಸಭೆಯ ನಂತರ ನಡೆದ ಒಂದು ಮಾತುಕತೆ. ಭಾಷಣ ಮುಗಿದು, ಉಪ್ಪಿಟ್ಟು ಕಾಫಿಯ ಸುತ್ತ ನಾಲ್ಕಾರು ಜನ ಸೇರಿದ್ದೆವು. ಮಂಡ್ಯದ ಕಡೆಯವರಾದ ನಮ್ಮ ಹಿರಿಯ ಸದಸ್ಯರೊಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಆಕೆ ಸಸ್ಯವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಒಂದು ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದಾಳೆ. ರಾಗಿಗೆ ಬರುವ ಬೆಂಕಿ ರೋಗ ಅವಳ ವಿಷಯ. "ನೀವೇ ಸ್ವಲ್ಪ ಬುದ್ಧಿ ಹೇಳಿ ಸಾರ್" ಎಂದರು ತಂದೆ. "ನನ್ನ ಮಾತು ಕೇಳೋದಿಲ್ಲ."

ವಿಷಯ ಹೀಗಿತ್ತು. ಬಡ್ತಿಯ ಸಂದರ್ಶನದಲ್ಲಿ ಸಮಿತಿಯವರು ಅವಳ ಕೆಲಸದ ಬಗೆಗೆ ಒಂದೆರಡು ಪ್ರಶ್ನೆ ಕೇಳಿ, ಕೊನೆಗೆ ಒಂದು ಅಂಕಿಯ ಬಳಿ ಬಂದು ನಿಂತರಂತೆ. ಅವಳ ಪ್ರಬಂಧಗಳನ್ನು ಇತರ ವಿಜ್ಞಾನಿಗಳು ತಮ್ಮ ಪ್ರಬಂಧಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬ ಅಂಕಿ ಅದು. ಅವಳ ಜೊತೆಗೇ ಸೇರಿದ ಇನ್ನೊಬ್ಬರ ಅಂಕಿ ಅದರ ಹಲವು ಪಟ್ಟು. ಬಡ್ತಿ ಅವರಿಗಾಯಿತು. ಆಮೇಲೆ ಹಿತೈಷಿಗಳೊಬ್ಬರು ಸಲಹೆ ಕೊಟ್ಟರು: "ರಾಗಿ ಬಿಡಮ್ಮ. ಅರಾಬಿಡೋಪ್ಸಿಸ್ ಮೇಲೆ ಕೆಲಸ ಮಾಡು. ಲೋಕವೆಲ್ಲ ಅದರ ಮೇಲೇ ಕೂತಿದೆ. ನೀನು ಬರೆದದ್ದನ್ನು ನೋಡುವವರಿರುತ್ತಾರೆ."

ಅರಾಬಿಡೋಪ್ಸಿಸ್ ಎಂಬುದು ಸಾಸಿವೆಯ ಕುಟುಂಬಕ್ಕೆ ಸೇರಿದ ಒಂದು ಪುಟ್ಟ ಕಳೆಗಿಡ. ತಿನ್ನಲು ಬಾರದು, ಮಾರಲು ಬಾರದು. ಆದರೆ ಬೀಜದಿಂದ ಬೀಜಕ್ಕೆ ಸುಮಾರು ಆರು ವಾರ ಸಾಕು. ಪ್ರಯೋಗಶಾಲೆಯ ತಟ್ಟೆಯಲ್ಲೇ ಬೆಳೆಯುತ್ತದೆ. 2000ನೆಯ ಇಸವಿಯಲ್ಲಿ ಇಡೀ ಆನುವಂಶಿಕ ಬರಹವನ್ನು ಓದಿ ಮುಗಿಸಿದ ಮೊದಲ ಸಸ್ಯವೂ ಇದೇ. ಇದರಿಂದ ಕಲಿತದ್ದು ಅಕ್ಕಿ ಗೋಧಿಗಳಿಗೂ ಉಪಯೋಗಕ್ಕೆ ಬಂದಿದೆ. ಆದ್ದರಿಂದ ಅದನ್ನು ಹಗುರವಾಗಿ ಕಾಣುವುದು ಸಲ್ಲದು. ಹುಡುಗಿಯೂ ಹಾಗೆ ಕಾಣಲಿಲ್ಲ. ಅವಳು ಕೇಳಿದ್ದು ಬೇರೆ ಪ್ರಶ್ನೆ. "ಅಂಕಲ್, ನನಗೆ ಆ ಗಿಡದ ಮೇಲೆ ಪ್ರೀತಿ ಹುಟ್ಟಿ ಹೋಗೋದಾದರೆ ಬೇರೆ. ಉಲ್ಲೇಖ ಹೆಚ್ಚು ಸಿಗುತ್ತೆ ಅಂತ ಹೋದರೆ ಅದು ತಪ್ಪಾ?"

ನಾವು ಆಗಲೇ ಉತ್ತರ ಕೊಡಲಿಲ್ಲ. ಕೊಡುವಷ್ಟು ತಿಳಿವಳಿಕೆಯೂ ನಮಗಿರಲಿಲ್ಲ. ಮನೆಗೆ ಬಂದ ಮೇಲೆ ಯೋಚಿಸುತ್ತಾ ಹೋದೆವು. ಕೆಲವನ್ನು ಓದಿ ತಿಳಿದೆವು. ಆ ಯೋಚನೆಯನ್ನು ಓದುಗರ ಮುಂದಿಡುತ್ತಿದ್ದೇವೆ. ಪ್ರಶ್ನೆ ಒಬ್ಬ ವಿಜ್ಞಾನಿಯದಾದರೂ ಅದರ ಬೇರು ನಮ್ಮೆಲ್ಲರ ಮನೆಯಂಗಳದಲ್ಲೇ ಇದೆ ಎಂದು ನಮಗೆ ತೋರುತ್ತದೆ.

ಮೊದಲು ಈ ಎಣಿಕೆ ಹೇಗೆ ಹುಟ್ಟಿತೆಂಬುದನ್ನು ನೋಡೋಣ. ವಿಜ್ಞಾನಿಯಾದವನು ಪ್ರಬಂಧ ಬರೆಯುವಾಗ, ತಾನು ಯಾರ ಯಾರ ಕೆಲಸವನ್ನು ಆಧರಿಸಿದೆನೆಂಬುದನ್ನು ಕೊನೆಯಲ್ಲಿ ಪಟ್ಟಿ ಮಾಡುತ್ತಾನೆ. ಇದು ಋಣಸ್ಮರಣೆಯ ಒಂದು ಸಂಪ್ರದಾಯ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಯೂಜೀನ್ ಗಾರ್ಫೀಲ್ಡ್ ಎಂಬುವರು ಈ ಪಟ್ಟಿಗಳನ್ನೆಲ್ಲ ಒಟ್ಟುಗೂಡಿಸಿ ತಿರುವುಮುರುವು ಮಾಡಿದರು. ಒಂದು ಪ್ರಬಂಧ ಯಾರನ್ನು ನೆನೆದಿದೆ ಎಂಬುದು ಅದನ್ನು ತೆರೆದರೆ ಕಾಣುತ್ತದೆ. ಅದನ್ನು ಮುಂದೆ ಯಾರು ನೆನೆದರು ಎಂಬುದು ಕಾಣುವುದಿಲ್ಲ. ಅದನ್ನು ಕಾಣಿಸುವ ಸೂಚಿಯ ಕಲ್ಪನೆಯನ್ನು ಅವರು 1955ರಲ್ಲಿ ಮುಂದಿಟ್ಟರು. 1964ರಲ್ಲಿ ಸೂಚಿ ಪ್ರಕಟವಾಯಿತು. ವಕೀಲರು ಒಂದು ತೀರ್ಪನ್ನು ಮುಂದಿನ ಯಾವ ತೀರ್ಪುಗಳು ಎತ್ತಿಹೇಳಿವೆ ಎಂದು ಹುಡುಕುವ ಪುಸ್ತಕಗಳೇ ಅವರಿಗೆ ಮಾದರಿ. ಒಂದು ವಿಚಾರ ಎಲ್ಲಿಂದ ಎಲ್ಲಿಗೆ ಹರಿಯಿತೆಂದು ಹುಡುಕಿಕೊಡುವುದು ಸೂಚಿಯ ಮೂಲ ಉದ್ದೇಶವಾಗಿತ್ತು.

ಆದರೆ ಪಟ್ಟಿ ಕೈಗೆ ಬಂದಮೇಲೆ ಎಣಿಸದೆ ಇರುವುದು ಮನುಷ್ಯನಿಂದಾಗದು. ಮೊದಲು ಪತ್ರಿಕೆಗಳನ್ನು ಎಣಿಸಿದರು, ಅನಂತರ ಮನುಷ್ಯರನ್ನು. 2005ರಲ್ಲಿ ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹಾರ್ಹೇ ಹಿರ್ಷ್ ಒಂದು ಸುಲಭ ಲೆಕ್ಕ ಹೇಳಿಕೊಟ್ಟರು. ನಿಮ್ಮ ಪ್ರಬಂಧಗಳಲ್ಲಿ ಹತ್ತು ಪ್ರಬಂಧಗಳು ತಲಾ ಹತ್ತು ಸಲವಾದರೂ ಉಲ್ಲೇಖಗೊಂಡಿದ್ದು, ಹನ್ನೊಂದು ಪ್ರಬಂಧಗಳಿಗೆ ತಲಾ ಹನ್ನೊಂದು ಇಲ್ಲವಾದರೆ ನಿಮ್ಮ ಅಂಕಿ ಹತ್ತು. ನಲವತ್ತು ಪ್ರಬಂಧಗಳಿಗೆ ತಲಾ ನಲವತ್ತಿದ್ದರೆ ನಲವತ್ತು. ಒಬ್ಬನ ಮೂವತ್ತು ವರ್ಷದ ದುಡಿಮೆಯನ್ನು ಹೀಗೆ ಎರಡಂಕಿಯಲ್ಲಿ ಹೇಳಿಬಿಡಬಹುದು. ಸಮಿತಿಗಳಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ಇಲ್ಲಿ ನಾವು ಒಂದು ಮಾತು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಎಣಿಕೆಯನ್ನು ಹೀಗಳೆಯುವುದು ಸುಲಭ. ನಮ್ಮಂಥ ವಲಸೆ ಬಂದವರು ಅದನ್ನು ಅಷ್ಟು ಸುಲಭವಾಗಿ ಹೀಗಳೆಯಕೂಡದು. ಊರು ಬಿಟ್ಟು ದಿಲ್ಲಿಗೂ ಮುಂಬಯಿಗೂ ಬಂದ ನಮ್ಮ ಹಿರಿಯರಲ್ಲಿ ಎಷ್ಟು ಜನರಿಗೆ ಇಲ್ಲಿ ಗುರುತಿನವರಿದ್ದರು? ಭಾಷೆ ಬಾರದ ಊರಿನಲ್ಲಿ, ಶಿಫಾರಸು ಮಾಡುವವರಿಲ್ಲದ ಕಚೇರಿಯಲ್ಲಿ, ಅವರ ಕೈ ಹಿಡಿದದ್ದು ಪರೀಕ್ಷೆಯ ಅಂಕವೇ. ಜಾತಿ ಯಾವುದು, ಊರು ಯಾವುದು, ಯಾರ ಕಡೆಯವನು ಎಂದು ಅಂಕ ಕೇಳಲಿಲ್ಲ. ಅಂಕಿಯ ಈ ಉಪಕಾರವನ್ನು ಮರೆತರೆ ಕೃತಘ್ನರಾದೇವು. ವಿಜ್ಞಾನದಲ್ಲೂ ಅಷ್ಟೇ. ಮೇಲಧಿಕಾರಿಯ ಮರ್ಜಿ ಹಿಡಿಯಲಾರದ ಕಿರಿಯನೊಬ್ಬ, "ನೋಡಿ, ನನ್ನ ಕೆಲಸವನ್ನು ಜಪಾನಿನವರು, ಜರ್ಮನಿಯವರು ಬಳಸಿಕೊಂಡಿದ್ದಾರೆ" ಎಂದು ತೋರಿಸಬಲ್ಲನಾದರೆ ಅದು ಅವನ ಪಾಲಿನ ರಕ್ಷೆ. ಅಂಕಿಯನ್ನು ತೆಗೆದುಬಿಟ್ಟರೆ ಆ ಜಾಗಕ್ಕೆ ನ್ಯಾಯವೇ ಬಂದು ಕೂತೀತೆಂಬ ಭರವಸೆ ನಮಗಿಲ್ಲ. ವಶೀಲಿ ಬಂದು ಕೂತರೂ ಕೂತೀತು.

ಹಾಗಾದರೆ ತೊಡಕೆಲ್ಲಿದೆ? ಆ ಅಂಕಿ ಏನನ್ನು ಎಣಿಸುತ್ತದೆ ಎಂಬುದನ್ನು ಮರೆಯುವುದರಲ್ಲಿದೆ.

ಸಸ್ಯವಿಜ್ಞಾನದಲ್ಲೇ ಒಂದು ಪ್ರಸಿದ್ಧ ಉದಾಹರಣೆಯಿದೆ. 1962ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ತೋಷಿಯೋ ಮುರಾಶಿಗೆ ಮತ್ತು ಅವರ ಗುರು ಫೋಕೆ ಸ್ಕೂಗ್ ಒಂದು ಪ್ರಬಂಧ ಪ್ರಕಟಿಸಿದರು. ಹೊಗೆಸೊಪ್ಪಿನ ಎಲೆಯ ರಸ ಬೆರೆಸಿದರೆ ಗಾಜಿನ ಪಾತ್ರೆಯಲ್ಲಿಟ್ಟ ಸಸ್ಯದ ತುಣುಕು ಹುಲುಸಾಗಿ ಬೆಳೆಯುತ್ತಿತ್ತು. ಆ ರಸದಲ್ಲಿ ಯಾವುದೋ ಹೊಸ ಬೆಳವಣಿಗೆಯ ವಸ್ತು ಇರಬೇಕೆಂದು ಹುಡುಕಹೊರಟವರಿಗೆ, ಆ ಹುಲುಸಿಗೆ ಬಹುಪಾಲು ಕಾರಣ ಅದರಲ್ಲಿದ್ದ ಸಾಮಾನ್ಯ ಲವಣಗಳೇ ಎಂದು ತಿಳಿಯಿತು. ಆಗ ಅವರು ಯಾವ ಲವಣ ಎಷ್ಟೆಷ್ಟಿರಬೇಕೆಂದು ತೂಗಿ ನೋಡಿ ಒಂದು ಪಾಕವನ್ನು ಗೊತ್ತುಮಾಡಿ ಬರೆದಿಟ್ಟರು. ಇಂದು ಅಂಗಾಂಶ ಕೃಷಿಯಿಂದ ಬಾಳೆಯ ಸಸಿ ತಯಾರಿಸುವ ಪ್ರಯೋಗಶಾಲೆಗಳಲ್ಲಿ ಸಾಮಾನ್ಯವಾಗಿ ಬಳಸುವುದು ಈ ಪಾಕವನ್ನೇ, ಇಲ್ಲವೇ ಅದರ ಮಾರ್ಪಾಟನ್ನು. ಸಸ್ಯವಿಜ್ಞಾನದಲ್ಲಿ ಅತಿ ಹೆಚ್ಚು ಉಲ್ಲೇಖಗೊಂಡ ಪ್ರಬಂಧಗಳ ಸಾಲಿನಲ್ಲಿ ಅದು ನಿಲ್ಲುತ್ತದೆ. ಹತ್ತಾರು ಸಾವಿರ ಸಲ ಅದರ ಹೆಸರು ಬಂದಿದೆ.

ಇದು ದೊಡ್ಡ ಉಪಕಾರ, ಸಂದೇಹವಿಲ್ಲ. ಆದರೆ ಅದನ್ನು ನೆನೆದವರಲ್ಲಿ ಎಷ್ಟೋ ಜನ ಅದನ್ನು ಓದಿ ಬೆರಗಾಗಿ ನೆನೆದವರಲ್ಲ. ಅದರ ಪಾಕದಲ್ಲಿ ತಮ್ಮ ಅಡಿಗೆ ಮಾಡಿಕೊಂಡವರು. ರಸಾಯನಶಾಸ್ತ್ರಜ್ಞ ಆಲಿವರ್ ಲೌರಿ 1951ರಲ್ಲಿ ಪ್ರೋಟೀನನ್ನು ಅಳೆಯುವ ವಿಧಾನವೊಂದನ್ನು ಬರೆದರು. 2014ರಲ್ಲಿ ಲೆಕ್ಕ ಹಾಕಿದಾಗ ಅದರ ಉಲ್ಲೇಖ 3 ಲಕ್ಷ ದಾಟಿತ್ತು. ಇಡೀ ವಿಜ್ಞಾನಕ್ಕೇ ಅದು ಮೊದಲು. ಆ ಪ್ರಬಂಧ ಅಂಥ ಮಹತ್ತಾದದ್ದೇನಲ್ಲವೆಂದು ಲೌರಿಯವರೇ ಒಪ್ಪಿಕೊಂಡಿದ್ದರು, ಆದರೂ ಒಳಗೊಳಗೆ ಖುಷಿಯಾಗುತ್ತದೆಂದೂ ಹೇಳಿಕೊಂಡಿದ್ದರು. ಎಷ್ಟು ಮನುಷ್ಯಸಹಜವಾದ ಮಾತು!

ಅಂದರೆ ಈ ಅಂಕಿ ಬಳಕೆಯನ್ನು ಎಣಿಸುತ್ತದೆ. ಅದೂ ಎಲ್ಲ ಬಳಕೆಯನ್ನಲ್ಲ, ಬಳಸಿದ ಮೇಲೆ ಪ್ರಬಂಧ ಬರೆಯುವವರ ಬಳಕೆಯನ್ನು ಮಾತ್ರ. ಒಂದು ಗಿಡದ ಮೇಲೆ ಹತ್ತು ಸಾವಿರ ಜನ ಬರೆಯುತ್ತಿದ್ದರೆ ಒಬ್ಬೊಬ್ಬರಿಗೂ ನೆನೆಯುವವರು ಹೆಚ್ಚು. ಇನ್ನೊಂದು ಗಿಡದ ಮೇಲೆ ಇನ್ನೂರು ಜನ ಬರೆಯುತ್ತಿದ್ದರೆ ಅಲ್ಲಿ ಎಷ್ಟೇ ಒಳ್ಳೆಯ ಕೆಲಸವಾದರೂ ನೆನೆಯುವವರು ಕಡಿಮೆ. ದೊಡ್ಡ ಕುಟುಂಬದ ಮದುವೆಯಲ್ಲಿ ಮುಯ್ಯಿ ಪುಸ್ತಕ ತುಂಬುತ್ತದೆ. ಒಂಟಿ ಮನೆಯ ಮದುವೆಯಲ್ಲಿ ಎರಡು ಪುಟಕ್ಕೆ ಮುಗಿಯುತ್ತದೆ. ವಧೂವರರ ಯೋಗ್ಯತೆಗೂ ಆ ಪುಟಗಳಿಗೂ ಏನು ಸಂಬಂಧ?

ಈಗ ಹುಡುಗಿಯ ರಾಗಿಗೆ ಬರೋಣ. ರಾಗಿಯ ತವರು ಆಫ್ರಿಕದ ಎತ್ತರದ ನೆಲ. ಸಾವಿರಾರು ವರ್ಷಗಳ ಹಿಂದೆಯೇ ಅದು ನಮ್ಮಲ್ಲಿಗೆ ಬಂದು ನಮ್ಮದೇ ಆಗಿಬಿಟ್ಟಿತು. ಒಂದರ್ಥದಲ್ಲಿ ಅದೂ ನಮ್ಮಂತೆಯೇ ವಲಸೆ ಬಂದದ್ದು. ಅದರ ಹೂವು ಅತಿ ಚಿಕ್ಕದು. ಬೆಳಗಾಗುವ ಮುಂಚೆಯೇ ಅರಳಿ ತನ್ನ ಪರಾಗದಿಂದ ತಾನೇ ಕಾಯಿಕಟ್ಟಿಬಿಡುತ್ತದೆ. ಒಂದು ತಳಿಯನ್ನು ಇನ್ನೊಂದರೊಡನೆ ಕೂಡಿಸಬೇಕಾದರೆ ತಳಿವಿಜ್ಞಾನಿಗೆ ಸಾಕುಸಾಕಾಗುತ್ತದೆ. ಎರಡು ತೆನೆಗಳನ್ನು ಒಟ್ಟಿಗೆ ಕಟ್ಟಿ, ಆಮೇಲೆ ಬಂದ ಸಸಿಗಳ ರಾಶಿಯಲ್ಲಿ ನಿಜವಾಗಿ ಬೆರೆತದ್ದು ಯಾವುದೆಂದು ಬಣ್ಣ ನೋಡಿ, ಗುರುತು ನೋಡಿ ಹುಡುಕಬೇಕು. ಸಿಕ್ಕಿದ್ದನ್ನು ವರ್ಷವರ್ಷವೂ ಬಿತ್ತಿ, ಆರಿಸಿ, ಮತ್ತೆ ಬಿತ್ತಿ, ಒಂದು ತಳಿ ನೆಲೆನಿಲ್ಲುವ ಹೊತ್ತಿಗೆ ಎಂಟು ಹತ್ತು ವರ್ಷ ಸರಿದುಹೋಗುತ್ತದೆ.

ಮಂಡ್ಯದ ವಿ. ಸಿ. ಫಾರಂನಲ್ಲಿ ಈ ಕೆಲಸವನ್ನು ಜೀವಮಾನವಿಡೀ ಮಾಡಿದವರು ಲಕ್ಷ್ಮಣಯ್ಯನವರು. ಜನ ಅವರನ್ನು ರಾಗಿ ಲಕ್ಷ್ಮಣಯ್ಯನವರೆಂದೇ ಕರೆದರು. ಮೊದಲು ಊರ ತಳಿಗಳನ್ನೇ ಒಂದಕ್ಕೊಂದು ಕೂಡಿಸಿದರು. ಅನಂತರ ಆಫ್ರಿಕದ ರಾಗಿಯನ್ನೂ ನಮ್ಮ ರಾಗಿಯನ್ನೂ ಕೂಡಿಸಿದರು. ಬಹುಕಾಲ ಅಗಲಿದ್ದ ದಾಯಾದಿಗಳನ್ನು ಒಂದೇ ಪಂಕ್ತಿಯಲ್ಲಿ ಕೂಡಿಸಿದಂತೆ. ಇಂಡಿಯಾ, ಆಫ್ರಿಕಾ ಎರಡೂ ಹೆಸರು ಸೇರಿಸಿ ಆ ತಳಿಗಳಿಗೆ ಇಂಡಾಫ್ ಎಂದು ಹೆಸರಿಟ್ಟರು. ನಮ್ಮ ಓದುಗರಲ್ಲಿ ಹಳೆಯ ಮೈಸೂರಿನ ಕಡೆಯವರಿಗೆ "ಇಂಡಾಫ್ ರಾಗಿ" ಎಂಬ ಮಾತು ಹೊಸದಲ್ಲ. ಬಿತ್ತಿದವನಿಗೆ ಹೆಚ್ಚು ರಾಗಿ ಬಂತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಆ ಹೆಚ್ಚಿನ ರಾಗಿ ಎಷ್ಟು ಒಲೆಗಳನ್ನು ಹೊತ್ತಿಸಿತೆಂದು ಲೆಕ್ಕವಿಟ್ಟವರಾರು? ರೈತ ಬಿತ್ತುವಾಗ ಯಾರನ್ನೂ ಉಲ್ಲೇಖಿಸುವುದಿಲ್ಲ. ಮುದ್ದೆ ಮುರಿಯುವಾಗ ನಾವೂ ಉಲ್ಲೇಖಿಸುವುದಿಲ್ಲ.

ಆದರೂ ಒಂದು ಕಡೆ ದಾಖಲೆ ಉಳಿದಿದೆ. ಆಮೇಲೆ ಬೆಂಗಳೂರಿನಲ್ಲಿ ಸಿದ್ಧವಾಗಿ, ಬೆಂಕಿ ರೋಗವನ್ನು ತಡೆಯುವುದೆಂದು ಹೆಸರಾಗಿ, ಕರ್ನಾಟಕದ ಹೊಲಗಳಲ್ಲಿ ಹರಡಿದ ತಳಿ ಜಿ.ಪಿ.ಯು. 28. ಅದರ ವಂಶಾವಳಿ ತೆಗೆದು ನೋಡಿದರೆ ಇಂಡಾಫ್ 5 ಒಂದು ಕಡೆ, ಇಂಡಾಫ್ 9ರ ಸಂತಾನ ಇನ್ನೊಂದು ಕಡೆ. ಹಿಂದಿನವನ ಕೆಲಸ ಮುಂದಿನವನ ಬೀಜದೊಳಗೇ ಸೇರಿಕೊಂಡಿದೆ. ಇದೂ ಒಂದು ಉಲ್ಲೇಖವೇ ಸರಿ. ಯಾವ ಸೂಚಿಯೂ ಇದನ್ನು ಎಣಿಸುವುದಿಲ್ಲ, ಅಷ್ಟೇ.

ಮಲೆನಾಡಿನ ಅಡಿಕೆ ತೋಟದವರಿಗೆ ಇನ್ನೊಂದು ಹೆಸರು ಹೇಳಬಹುದು. 1908ರಲ್ಲಿ ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್, ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಅದರ ಬಗೆಗೆ ಬರೆದರು. ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು ಗೊನೆಗಳಿಗೆ ಹೊಡೆಯುವ ಕ್ರಮವನ್ನು ಬಳಕೆಗೆ ತಂದರು. ಆ ದ್ರಾವಣ ಅವರು ಕಂಡುಹಿಡಿದದ್ದಲ್ಲ. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆಂದು 1880ರ ದಶಕದಲ್ಲಿ ಹುಟ್ಟಿದ್ದು. ಇಂದಿಗೂ ಮಳೆಗಾಲ ಹಿಡಿಯುವ ಮುಂಚೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನಿಗೆ ಕೋಲ್ಮನ್ ಯಾರೆಂದು ಗೊತ್ತಿರಬೇಕಾಗಿಲ್ಲ. ಗೊನೆ ಉಳಿದರೆ ಸಾಕು.

ಇಷ್ಟು ಹೇಳಿದ ಮಾತ್ರಕ್ಕೆ, "ನೋಡಿ, ಹೆಸರಿನ ಹಂಗಿಲ್ಲದೆ ದುಡಿಯುವುದೇ ಶ್ರೇಷ್ಠ, ನೀನೂ ಹಾಗೆಯೇ ದುಡಿ" ಎಂದು ಹುಡುಗಿಗೆ ಉಪದೇಶ ಮಾಡಿ ಎದ್ದುಬಿಡಬಹುದೇ? ಅದು ಅನ್ಯಾಯವಾದೀತು. ಹೆಸರು ಬಿಟ್ಟುಕೊಡು ಎಂದು ಹೇಳುವ ಹಕ್ಕು ಹೆಸರಿನಿಂದ ಲಾಭ ಪಡೆದವರಿಗಿಲ್ಲ. ಸೋದರತ್ತೆಗೆ ಮುಯ್ಯಿ ಪುಸ್ತಕ ಬೇಕಿರಲಿಲ್ಲವೆಂದು ನಾವು ತಿಳಿದುಕೊಂಡಿದ್ದೇವೆ. ಅವಳನ್ನು ಯಾರಾದರೂ ಕೇಳಿದ್ದರೇ?

ನೆನೆಯದೆ ಹೋದರೆ ಏನಾಗುತ್ತದೆಂಬುದಕ್ಕೆ ಸಸ್ಯವಿಜ್ಞಾನದಲ್ಲಿ ಒಂದು ಹಳೆಯ ಕಥೆಯಿದೆ. ಬ್ರೂನ್ ಪಟ್ಟಣದ ಮಠವಾಸಿ ಗ್ರೆಗೊರ್ ಮೆಂಡೆಲ್ ಎಂಟು ವರ್ಷ ಬಟಾಣಿ ಬೆಳೆದು, ಸುಮಾರು 28,000 ಗಿಡಗಳನ್ನು ನೋಡಿ ಎಣಿಸಿ, ಆನುವಂಶೀಯತೆಯ ನಿಯಮಗಳನ್ನು ಕಂಡುಕೊಂಡರು. 1865ರಲ್ಲಿ ಊರಿನ ವಿಜ್ಞಾನ ಸಂಘದಲ್ಲಿ ಎರಡು ಸಂಜೆ ಓದಿದರು. ಗಮನಿಸಿ, ನಮ್ಮ ಸಂಘದಂಥದೇ ಒಂದು ಸಂಘ. 1866ರಲ್ಲಿ ಅದು ಅಚ್ಚಾಯಿತು. ನಲವತ್ತು ಬಿಡಿಪ್ರತಿ ತರಿಸಿಕೊಂಡು ಹಲವರಿಗೆ ಕಳಿಸಿದರು. ಮುಂದಿನ ಮೂವತ್ತನಾಲ್ಕು ವರ್ಷಗಳಲ್ಲಿ ಅದನ್ನು ನೆನೆದವರು ಬೆರಳೆಣಿಕೆಯಷ್ಟು. 1884ರಲ್ಲಿ ಮೆಂಡೆಲ್ ತೀರಿಕೊಂಡರು. ಇಂದಿನ ಸಮಿತಿಯೊಂದು ಅವರನ್ನು ಸಂದರ್ಶನಕ್ಕೆ ಕರೆದಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ.

ಇಲ್ಲಿಯವರೆಗಿನದು ಎಲ್ಲರೂ ಬಲ್ಲ ಕಥೆ. ಅನಂತರ ನಡೆದದ್ದು ನಮಗೆ ಹೆಚ್ಚು ಮುಖ್ಯವೆಂದು ತೋರುತ್ತದೆ. 1900ರಲ್ಲಿ ಹಾಲೆಂಡಿನ ಹ್ಯೂಗೋ ಡಿ ವ್ರೀಸ್ ಅದೇ ನಿಯಮಗಳನ್ನು ತಮ್ಮ ಪ್ರಯೋಗಗಳಲ್ಲಿ ಕಂಡು, ಫ್ರೆಂಚಿನಲ್ಲಿ ಒಂದು ಚಿಕ್ಕ ಟಿಪ್ಪಣಿ ಪ್ರಕಟಿಸಿದರು. ಅದರಲ್ಲಿ ಮೆಂಡೆಲ್ಲನ ಹೆಸರಿರಲಿಲ್ಲ. ಜರ್ಮನಿಯ ಕಾರ್ಲ್ ಕೊರೆನ್ಸ್ ಕೂಡ ಸ್ವತಂತ್ರವಾಗಿ ಅದೇ ಜಾಗಕ್ಕೆ ಬಂದು ತಲುಪಿದ್ದರು. ಡಿ ವ್ರೀಸ್‌ರ ಟಿಪ್ಪಣಿ ಕೈಸೇರಿದ ಕೂಡಲೆ ಕೊರೆನ್ಸ್ ತಮ್ಮ ಪ್ರಬಂಧ ಬರೆದು ಕಳಿಸಿದರು. ಶೀರ್ಷಿಕೆಯಲ್ಲಿಯೇ ಅದನ್ನು ಮೆಂಡೆಲ್ಲನ ನಿಯಮವೆಂದು ಕರೆದರು. ಡಿ ವ್ರೀಸ್‌ರ ಜರ್ಮನ್ ಪ್ರಬಂಧದಲ್ಲಿ ಮೆಂಡೆಲ್ಲನ ಹೆಸರು ಬಂದಿತ್ತು, ನಿಜ. ಫ್ರೆಂಚ್ ಟಿಪ್ಪಣಿಯಲ್ಲಿ ಏಕೆ ಬಿಟ್ಟುಹೋಯಿತೆಂಬ ಚರ್ಚೆ ಬೇರೆ. ಆದರೆ ಕೊರೆನ್ಸ್ ಮಾಡಿದ್ದನ್ನು ನೋಡಿ. ತಾನೂ ಕಂಡುಕೊಂಡದ್ದಕ್ಕೆ ತನ್ನ ಹೆಸರು ಹಚ್ಚಿಕೊಳ್ಳಲು ಅವರಿಗೆ ಅಡ್ಡಿಯೇನೂ ಇರಲಿಲ್ಲ. ಹಕ್ಕುದಾರ ಸತ್ತು ಹದಿನಾರು ವರ್ಷವಾಗಿತ್ತು. ಕೇಳಲು ಬರುವವರಾರೂ ಇರಲಿಲ್ಲ. ಆದರೂ ಕೀರ್ತಿಯನ್ನು ಅದರ ಒಡೆಯನ ಮನೆಬಾಗಿಲಿಗೆ ಮುಟ್ಟಿಸಿದರು.

ಈ ಕಥೆಯಿಂದ ನಮಗೆ ಒಂದು ವಿಷಯ ಸ್ಪಷ್ಟವಾಗುತ್ತದೆ. ನನ್ನನ್ನು ಎಷ್ಟು ಜನ ನೆನೆದರು ಎಂಬುದು ನನ್ನ ಕೈಯಲ್ಲಿಲ್ಲ. ಅದು ನನ್ನ ವಿಷಯ, ನನ್ನ ಕಾಲ, ನನ್ನ ಭಾಷೆ, ನನ್ನ ಅದೃಷ್ಟ ಎಲ್ಲ ಸೇರಿ ಆಗುವ ಮಾತು. ನಾನು ಯಾರನ್ನು ನೆನೆದೆ ಎಂಬುದು ಮಾತ್ರ ಪೂರ್ತಿ ನನ್ನ ಕೈಯಲ್ಲಿದೆ. ವಿಜ್ಞಾನಿಯ ನಡತೆಯನ್ನು ಉಲ್ಲೇಖಗಳಿಂದ ಅಳೆಯಬೇಕೆಂದಿದ್ದರೆ, ಅವನಿಗೆ ಬಂದ ಉಲ್ಲೇಖಗಳಿಗಿಂತ ಅವನು ಕೊಟ್ಟ ಉಲ್ಲೇಖಗಳಿಂದ ಅಳೆಯುವುದು ಹೆಚ್ಚು ನ್ಯಾಯ.

ವಿಪರ್ಯಾಸವೆಂದರೆ, ಬಂದದ್ದನ್ನೇ ಎಣಿಸಲು ಹೊರಟಮೇಲೆ ಕೊಡುವುದೂ ಕೆಟ್ಟಿತು. ಉಲ್ಲೇಖವೇ ನಾಣ್ಯವಾದ ಮೇಲೆ ನಾಣ್ಯದ ಗುಣಗಳೆಲ್ಲ ಅದಕ್ಕೆ ಬಂದವು. ತನ್ನನ್ನು ತಾನೇ ಮತ್ತೆ ಮತ್ತೆ ಉಲ್ಲೇಖಿಸಿಕೊಳ್ಳುವವರು, ನೀ ನನ್ನ ಬರೆ ನಾ ನಿನ್ನ ಬರೆವೆ ಎಂದು ಒಪ್ಪಂದ ಮಾಡಿಕೊಂಡವರು, ನಮ್ಮ ಪತ್ರಿಕೆಯ ಲೇಖನಗಳನ್ನು ಸೇರಿಸಿದರೆ ಪ್ರಕಟಿಸುತ್ತೇವೆಂಬ ಸಂಪಾದಕರು, ಇವರೆಲ್ಲ ಲೋಕದಲ್ಲಿ ಇದ್ದಾರೆ. ಋಣಸ್ಮರಣೆ ಹೋಗಿ ಬರಿಯ ಮುಯ್ಯಿ ಉಳಿಯಿತು. ಈ ಎಣಿಕೆ ಅಣುಶಕ್ತಿಯಂತೆ ಒಳಿತು ಕೆಡುಕು ಬೆರೆತ ವರವೆಂದು ಗಾರ್ಫೀಲ್ಡರೇ ಮುಪ್ಪಿನಲ್ಲಿ ಹೇಳಿದ್ದರು. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ವಿಜ್ಞಾನಿಗಳು, ಸಂಪಾದಕರು ಒಂದು ಘೋಷಣೆಯನ್ನು ರೂಪಿಸಿದರು. ಪತ್ರಿಕೆಗೆ ಸಂಬಂಧಿಸಿದ ಅಂಕಿಯಿಂದ ಮನುಷ್ಯನ ಕೆಲಸವನ್ನು ತೂಗಬೇಡಿ, ಕೆಲಸವನ್ನೇ ನೋಡಿ ತೂಗಿರಿ ಎಂಬುದು ಅದರ ಸಾರ.

ಈ ಕೊನೆಯ ಮಾತು ನಮ್ಮ ಓದುಗರಿಗೂ ತಟ್ಟಬೇಕು. ಈ ನಗರದಲ್ಲಿರುವ ಕನ್ನಡಿಗರಲ್ಲಿ ಎಷ್ಟೋ ಜನ ಆಯ್ಕೆ ಸಮಿತಿಗಳಲ್ಲಿ ಕೂತವರು, ಕೂರುವವರು. ಎದುರಿಗಿರುವ ಕಡತದಲ್ಲಿ ಒಂದು ಅಂಕಿಯಿದೆ. ಅದರ ಕೆಳಗೆ ಒಬ್ಬ ಮನುಷ್ಯನ ಹತ್ತು ವರ್ಷದ ಕೆಲಸವಿದೆ. ಅಂಕಿ ನೋಡಲು ಅರ್ಧ ನಿಮಿಷ ಸಾಕು, ಕೆಲಸ ಓದಲು ಅರ್ಧ ದಿನ ಬೇಕು. ಆ ಅರ್ಧ ದಿನವನ್ನು ಉಳಿಸಿಕೊಳ್ಳುವ ಸೋಮಾರಿತನಕ್ಕೆ ನಾವು ವಸ್ತುನಿಷ್ಠತೆ ಎಂಬ ದೊಡ್ಡ ಹೆಸರಿಟ್ಟಿದ್ದೇವೆ. ಅಂಕಿಯನ್ನು ಸಾಕ್ಷಿಯೆಂದು ಕರೆಯಿರಿ, ಅದರ ಮಾತು ಕೇಳಿರಿ. ತೀರ್ಪನ್ನು ನೀವೇ ಬರೆಯಿರಿ. ಹುಡುಗಿಯ ಪ್ರಶ್ನೆಯಲ್ಲಿ ತಪ್ಪು ಎಂಬುದು ಎಲ್ಲಾದರೂ ಇದ್ದರೆ ಅದು ಮೊದಲು ಈ ಮೇಜಿನ ಆ ಬದಿಯಲ್ಲಿದೆ.

ಹಾಗಾದರೆ ಅವಳಿಗೆ ನಾವು ಹೇಳಿದ್ದೇನು? ಮರುವಾರ ಅವರ ಮನೆಗೆ ಹೋದಾಗ ಇಷ್ಟು ಹೇಳಿದೆವು. ಉಲ್ಲೇಖಕ್ಕಾಗಿ ಗಿಡ ಬದಲಿಸುವುದು ಪಾಪವೇನಲ್ಲಮ್ಮ. ಹೊಟ್ಟೆಪಾಡಿಗಾಗಿ ಊರು ಬದಲಿಸಿದ ನಾವು ಅದನ್ನು ಪಾಪವೆನ್ನಲು ಯಾರು? ಆದರೆ ಬದಲಿಸುವ ಮುಂಚೆ ಒಂದನ್ನು ಕೇಳಿಕೋ. ಈಗ ನೀನು ಕೇಳುತ್ತಿರುವ ಪ್ರಶ್ನೆಯನ್ನು ನೀನು ಬಿಟ್ಟರೆ ಬೇರೆ ಯಾರಾದರೂ ಕೇಳುತ್ತಾರೆಯೇ? ಆ ಕಳೆಗಿಡದ ಬಳಿ ನಿನ್ನ ಜಾಗ ತುಂಬಲು ಸಾವಿರ ಜನರಿದ್ದಾರೆ. ರಾಗಿಯ ಬಳಿ ಎಷ್ಟು ಜನರಿದ್ದಾರೆ? 2017ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ರಾಗಿಯ ಆನುವಂಶಿಕ ಬರಹದ ಕರಡನ್ನು ಪ್ರಕಟಿಸಿದರು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದಿತು. ಜನ ಬರುತ್ತಿರಬಹುದು. ಜನ ಬರಲೆಂದು ಯಾರಾದರೂ ಬಾಗಿಲು ಕಾಯಬೇಕಲ್ಲ?

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಯೋವರೆಗೂ ಬಾಡಿಗೆ ಕಟ್ಟೋರು ಯಾರು ಅಂಕಲ್?" ಎಂದಳು.

ನಮ್ಮಲ್ಲಿ ಉತ್ತರವಿರಲಿಲ್ಲ. ಅವಳ ಬಡ್ತಿ ತಪ್ಪಿದರೆ ನಮ್ಮ ಸಂಬಳವೇನೂ ಕಡಿಮೆಯಾಗುವುದಿಲ್ಲ. ಬೆಲೆ ತೆರುವವಳು ಅವಳು, ಉಪದೇಶ ಮಾಡುವವರು ನಾವು. ಇದನ್ನು ಒಪ್ಪಿಕೊಳ್ಳದೆ ಈ ಲೇಖನ ಮುಗಿಸಿದರೆ ಅಪ್ರಾಮಾಣಿಕವಾದೀತು. ಅವಳು ಇನ್ನೂ ನಿಶ್ಚಯ ಮಾಡಿಲ್ಲ. ಯಾವ ದಾರಿ ಹಿಡಿದರೂ ಅವಳನ್ನು ಕಡಿಮೆಯಾಗಿ ಕಾಣುವ ಅಧಿಕಾರ ನಮಗಿಲ್ಲ.

ಹೊರಡುವಾಗ ಅವಳ ತಾಯಿ ಊಟ ಮಾಡಿಕೊಂಡು ಹೋಗಿ ಎಂದು ಕೂಡಿಸಿದರು. ಊರಿಂದ ತರಿಸಿದ ರಾಗಿಯ ಮುದ್ದೆ, ಬಸ್ಸಾರು. ಉಣ್ಣುತ್ತಾ ನಮಗೆ ಹೊಳೆಯಿತು: ಐವತ್ತು ವರ್ಷ ರಾಗಿ ತಿಂದ ನಾವು ಲಕ್ಷ್ಮಣಯ್ಯನವರ ಹೆಸರನ್ನು ಮನೆಯ ಮಕ್ಕಳಿಗೆ ಒಂದು ಸಲವಾದರೂ ಹೇಳಿದ್ದುಂಟೇ? ಹುಡುಗಿಗೆ ಉಲ್ಲೇಖ ಸಿಗಲಿಲ್ಲವೆಂದು ಮರುಗಿದ ನಾವು, ನಮ್ಮನ್ನು ಇಲ್ಲಿಯವರೆಗೆ ದಾಟಿಸಿದವರಲ್ಲಿ ಯಾರನ್ನು ನೆನೆದಿದ್ದೇವೆ? ಫೀಸು ಕಟ್ಟಿದ ಸೋದರಮಾವ, ಲಾಂದ್ರದ ಬೆಳಕಿನಲ್ಲಿ ಲೆಕ್ಕ ಹೇಳಿಕೊಟ್ಟ ಮೇಷ್ಟ್ರು, ಇದೇ ದಿಲ್ಲಿಯಲ್ಲಿ ಮೊದಲ ಮೂರು ತಿಂಗಳು ತಮ್ಮ ಕೋಣೆಯಲ್ಲಿ ಜಾಗ ಕೊಟ್ಟ ಊರಿನವರು. ಅವರು ಯಾರೂ ಮುಯ್ಯಿ ಬರೆಸಿದವರಲ್ಲ. ಬರೆದುಕೊಳ್ಳಬೇಕಾಗಿದ್ದವರು ನಾವು.

ಕೈತೊಳೆದು ಬಂದು ಅವಳಿಗೆ ಆ ಹೆಸರು ಹೇಳಿದೆವು. "ಗೊತ್ತು ಅಂಕಲ್" ಎಂದಳು. "ನನ್ನ ಥೀಸಿಸ್‌ನ ಮೊದಲ ಪುಟದಲ್ಲೇ ಇದ್ದಾರೆ."